ಅಣ್ಣನ ಧೂಮಕೇತು, ನನ್ನ ಲೆಕ್ಕ

ನನ್ನಣ್ಣ ಜಯನಗರದಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ನಾನು ಅದೇ ಜಯನಗರದ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವನ ಅಂಗಡಿಗೂ ನನ್ನ ಕಾಲೇಜಿಗೂ ಹತ್ತು ನಿಮಿಷದ ನಡಿಗೆ. ಆದರೂ ತೊಂಬತ್ತರ ದಶಕದಲ್ಲಿ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಬೆರಳೆಣಿಕೆಯಷ್ಟು ಸಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಎಷ್ಟೇ ಒಳ್ಳೆಯವಳ ಹಾಗೆ ಬರೆದುಕೊಂಡರೂ ಓದುವವರು ಪೂರ್ತಿ ನಂಬಬಾರದು.

ಅಪ್ಪ ತೀರಿಕೊಂಡಾಗ ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿದ್ದ, ನಾನು ಆರನೇ ಕ್ಲಾಸು. ಇಬ್ಬರಲ್ಲಿ ಒಬ್ಬರು ಮಾತ್ರ ಓದಲು ಸಾಧ್ಯವಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದ, ನಾನು ಎಂ.ಎಸ್ಸಿ. ಮಾಡಿದೆ. ಅದನ್ನು ಅವನು ಒಂದು ದಿನವೂ ಆಡಿ ತೋರಿಸಲಿಲ್ಲ. ಬದಲಿಗೆ ಅಂಗಡಿಗೆ ಬಂದವರಿಗೆಲ್ಲ "ನನ್ ತಂಗಿ ಮ್ಯಾಥ್ಸ್ ಲೆಕ್ಚರರ್ ಸಾರ್" ಎಂದು ಹೇಳಿಕೊಳ್ಳುತ್ತಿದ್ದ. ನನಗೆ ಮುಜುಗರವಾಗುತ್ತಿತ್ತು, ಒಳಗೊಳಗೇ ಸ್ವಲ್ಪ ಜಂಬವೂ ಬರುತ್ತಿತ್ತು.

ಅವನಿಗೆ ಇದ್ದ ಹುಚ್ಚು ಒಂದೇ, ಆಕಾಶ ನೋಡುವುದು. ಆರು ಇಂಚಿನ ಗಾಜಿನ ಬಿಲ್ಲೆ ತಂದು, ಚಿಕ್ಕಲಸಂದ್ರದ ಮನೆಯ ತಾರಸಿಯಲ್ಲಿ ಒಂದು ಡ್ರಮ್ಮಿನ ಮೇಲಿಟ್ಟು, ಒರಟು ಪುಡಿ ಹಾಕಿ, ಡ್ರಮ್ಮಿನ ಸುತ್ತ ನಡೆಯುತ್ತಾ ಎಂಟು ತಿಂಗಳು ಉಜ್ಜಿದ. ಪಕ್ಕದ ಮನೆಯವರು ಯಾವುದೋ ಹರಕೆ ಇರಬೇಕು ಎಂದುಕೊಂಡಿದ್ದರಂತೆ. ಕೊನೆಗೆ ಅದು ದೂರದರ್ಶಕದ ಕನ್ನಡಿಯಾಯಿತು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅತ್ತಿಗೆ ಹೀಗಳೆದರೂ, ಬೆಳಗಿನ ಜಾವ ಅವನು ತಾರಸಿಗೆ ಹೋಗುವ ಮುಂಚೆ ಫ್ಲಾಸ್ಕಿನಲ್ಲಿ ಕಾಫಿ ಹಾಕಿಡುತ್ತಿದ್ದವಳು ಅವಳೇ.

ಅವನು ಹುಡುಕುತ್ತಿದ್ದದ್ದು ಧೂಮಕೇತುವನ್ನು. ಧೂಮಕೇತು ಎಂದರೆ ಬಾಲ ಬೀಸಿಕೊಂಡು ಬರುವುದೆಂದು ಜನ ತಿಳಿದಿದ್ದಾರೆ. ದೂರದಲ್ಲಿರುವಾಗ ಅದು ಕನ್ನಡಕದ ಮೇಲೆ ಉಸಿರು ಬಿಟ್ಟಷ್ಟು ಮಸುಕು, ಅಷ್ಟೇ. ನಕ್ಷೆಯಲ್ಲಿಲ್ಲದ ಮಸುಕೊಂದು ಕಂಡು, ಮಾರನೆಯ ದಿನ ಅದು ಜಾಗ ಬದಲಿಸಿದ್ದರೆ ಧೂಮಕೇತು ಎಂದು ಲೆಕ್ಕ. ವಿದೇಶದಲ್ಲಿರುವ ಒಂದು ಕೇಂದ್ರಕ್ಕೆ ಅದನ್ನು ಮೊದಲು ತಿಳಿಸಿದವರ ಹೆಸರೇ ಅದಕ್ಕೆ. ಸೂರ್ಯನ ಸುತ್ತ ಅದು ತಿರುಗುವವರೆಗೂ ಆ ಹೆಸರು ಹೋಗುವುದಿಲ್ಲ. ಅಣ್ಣನಿಗೆ ಬೇಕಿದ್ದದ್ದು ಅದು. ಹತ್ತು ವರ್ಷ, ಚಂದ್ರನಿಲ್ಲದ ಬೆಳಗಿನ ಜಾವಗಳಲ್ಲೆಲ್ಲ, ಪೂರ್ವ ದಿಕ್ಕನ್ನು ಕಸ ಗುಡಿಸಿದ ಹಾಗೆ ಪಟ್ಟಿ ಪಟ್ಟಿಯಾಗಿ ನೋಡಿದ್ದ.

ಒಮ್ಮೆ ಕೈ ಸುಟ್ಟುಕೊಂಡೂ ಇದ್ದ. ಕನ್ಯಾ ರಾಶಿಯಲ್ಲಿ ಏನೋ ಕಂಡಿತೆಂದು ನಗರದ ಹವ್ಯಾಸಿಗಳ ಕೂಟವೊಂದರಲ್ಲಿ ಎದ್ದು ನಿಂತು ಹೇಳಿದ. ಅದು ಎಂದೋ ಪಟ್ಟಿ ಸೇರಿದ್ದ ಗ್ಯಾಲಕ್ಸಿ. ಆ ರಾಶಿಯ ತುಂಬ ಅಂಥವೇ ಮಸುಕುಗಳು, ಧೂಮಕೇತುವಿನ ವೇಷ ಹಾಕಿಕೊಂಡು ಕೂತಿರುತ್ತವೆ. ಕೂಟದಲ್ಲಿ ನಕ್ಕರು. ಇಂಗ್ಲಿಷಿನಲ್ಲಿ ನಕ್ಕರು ಎಂದು ಅಣ್ಣ ಹೇಳಿದ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ದೀಪಾವಳಿ ಮುಗಿದ ವಾರದ ಬುಧವಾರ ಸಂಜೆ, ಬನಶಂಕರಿ ಎರಡನೇ ಹಂತದ ನನ್ನ ಮನೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಮೊಪೆಡ್ಡಿನಿಂದ ಇಳಿದವನು ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ಏನೋ ಸಿಕ್ಕಿದೆ ಕಣೆ" ಎಂದ. "ಎರಡು ದಿನ ನೋಡಿದೀನಿ. ಸರಿದಿದೆ."

"ಎಲ್ಲಿ?"

ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಾ, "ಕನ್ಯಾ" ಎಂದ.

"ಮತ್ತೆ ಕನ್ಯಾನಾ?" ಎಂದು ನಾನು ನಕ್ಕೆ. ಅವನು ನಗಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದ. ಸೋಮವಾರ, ದಿನಾಂಕ, ನಾಲ್ಕು ಐವತ್ತು, ಆಕಾಶದಲ್ಲಿ ಜಾಗ. ಮಂಗಳವಾರ, ದಿನಾಂಕ, ನಾಲ್ಕು ಐವತ್ತೆರಡು, ಜಾಗ. ಅದರ ಜೊತೆಗೆ ಬಾಂಡ್ ಪೇಪರಿನ ಮೇಲೆ ತಾನೇ ಟೈಪ್ ಮಾಡಿದ ಒಂದು ಹಾಳೆ. ಆ ಕೇಂದ್ರಕ್ಕೆ ಕಳಿಸಬೇಕಾದ ವರದಿ, ಒಂದು ಅಕ್ಷರವೂ ಹೊಡೆದುಹಾಕದೆ. ಕೆಳಗೆ ಅವನ ಪೂರ್ತಿ ಹೆಸರು.

"ಬಸ್‌ಸ್ಟ್ಯಾಂಡ್ ಹತ್ರ ಫ್ಯಾಕ್ಸ್ ಬೂತು ಎಂಟೂವರೆವರ್ಗೂ ತೆಗೆದಿರತ್ತೆ. ಕಳಿಸಿಬಿಡ್ಲಾ?"

ಕಳಿಸು ಅನ್ನಬೇಕಿತ್ತು. ಎರಡು ದಿನದ ಚಲನೆ ಸಾಕು, ಅದೇ ನಿಯಮ, ನನಗೂ ಗೊತ್ತಿತ್ತು. ಆದರೆ ಕೂಟದವರ ಆ ನಗು ನನ್ನ ಕಿವಿಯಲ್ಲೂ ಇತ್ತು. ಮತ್ತೊಮ್ಮೆ ಗ್ಯಾಲಕ್ಸಿ ಅಂತಾದರೆ, 'ಲೆಕ್ಚರರ್ ತಂಗಿ ಏನು ಮಾಡುತ್ತಿದ್ದಳು' ಎನ್ನುತ್ತಾರೆ ಎಂಬ ಯೋಚನೆಯೂ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದೇ ಮೊದಲು ಬಂತು.

"ಮೂರನೇ ಸಲ ನೋಡು. ಮೂರು ಜಾಗ ಸಿಕ್ರೆ ನಾನು ಕಕ್ಷೆ ಲೆಕ್ಕ ಹಾಕ್ತೀನಿ. ಕಕ್ಷೆ ಕೂತ್ರೆ ಯಾವನೂ ನಗೋ ಹಾಗಿಲ್ಲ."

"ಅಷ್ಟರಲ್ಲಿ ಬೇರೆಯವ್ರು ನೋಡ್ಬಿಟ್ರೆ?"

"ಹತ್ತು ವರ್ಷ ಕಾದಿದೀಯ. ಇನ್ನೊಂದಿನ ಕಾಯಕ್ಕಾಗಲ್ವಾ?"

ಅವನು ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. "ನೀನು ನಂಬಿದ್ರೆ ಸಾಕು, ಬಿಡು" ಎಂದು ಹೋದ.

ಗುರುವಾರ ಬೆಳಗಿನ ಜಾವ ಮೋಡ. ಮದ್ರಾಸಿನ ಕಡೆ ವಾಯುಭಾರ ಕುಸಿತವೆಂದು ರೇಡಿಯೋದಲ್ಲಿ ಹೇಳಿದರು. ಶುಕ್ರವಾರವೂ ಮೋಡ, ಜೊತೆಗೆ ಜಿನುಗು ಮಳೆ. ಸ್ಟಾಫ್ ರೂಮಿನಿಂದ ಅವನ ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ "ಮುಚ್ಕೊಂಡಿದೆ ಕಣೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆ ಎರಡು ದಿನ ಪ್ರಪಂಚದ ಯಾವ ಮೂಲೆಯಲ್ಲಿ ಆಕಾಶ ತಿಳಿಯಾಗಿದೆಯೋ, ಅಲ್ಲಿ ಯಾರ ಕಣ್ಣು ಯಾವ ಕಡೆ ತಿರುಗಿದೆಯೋ ಎಂದು ಪಾಠ ಮಾಡುವಾಗಲೂ ಯೋಚನೆ. ಬೋರ್ಡಿನ ಮೇಲೆ ತಪ್ಪು ಚಿಹ್ನೆ ಹಾಕಿದೆ. ಹುಡುಗಿಯರು ತಿದ್ದಿದರು, ಅವರ ಮೇಲೇ ರೇಗಿದೆ.

ಶುಕ್ರವಾರ ಸಂಜೆ ತಡೆಯಲಾಗದೆ ಬಸ್ಸು ಹತ್ತಿ ಚಿಕ್ಕಲಸಂದ್ರಕ್ಕೆ ಹೋದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಅತ್ತಿಗೆ ಎಬ್ಬಿಸಿದಳು. ತಾರಸಿಯಲ್ಲಿ ಇನ್ನೂ ಪಟಾಕಿ ಕಾಗದದ ಚೂರುಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಅಣ್ಣ ದೂರದರ್ಶಕವನ್ನು ಆ ಜಾಗಕ್ಕೆ ತಿರುಗಿಸಿಟ್ಟು, ಅದರ ಮೇಲೆ ಟವೆಲ್ ಹೊದಿಸಿ, ಪಕ್ಕದಲ್ಲಿ ನಿಂತಿದ್ದ. ನಾಲ್ಕೂವರೆಯಾಯಿತು. ಅವನ ಹಲ್ಲು ಕಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಐದು ಕಳೆದರೆ ಪೂರ್ವ ಬೆಳ್ಳಗಾಗಲು ಶುರುವಾಗುತ್ತದೆ, ಆಮೇಲೆ ಮೋಡ ಸರಿದರೂ ಒಂದೇ ಸರಿಯದಿದ್ದರೂ ಒಂದೇ.

ನಾಲ್ಕು ನಲವತ್ತೈದಕ್ಕೆ ಉತ್ತರಹಳ್ಳಿ ಕಡೆಯಿಂದ ಗಾಳಿ ಬೀಸಿತು. ಮೋಡದಲ್ಲಿ ಸೀರೆ ಹರಿದ ಹಾಗೆ ಒಂದು ಕಿಂಡಿ. ಅಣ್ಣ ಟವೆಲ್ ಎಳೆದು ಬಿಸಾಡಿದ.

"ಬರ್ಕೋ" ಎಂದ. ನಾನು ಕಣ್ಣು ಕೋರೈಸದಂತೆ ಕೆಂಪು ಗಾಳಿಪಟದ ಕಾಗದ ಸುತ್ತಿದ ಟಾರ್ಚು ಹಿಡಿದು, ದಿನಾಂಕ ಬರೆದೆ, ಶನಿವಾರ ಎಂದು ಬರೆದೆ, ಗಡಿಯಾರ ನೋಡಿ ವೇಳೆ ಬರೆದೆ. ಅವನು ಕಣ್ಣು ತೆಗೆಯದೆ ಹೇಳುತ್ತಾ ಹೋದ. ಈ ನಕ್ಷತ್ರದಿಂದ ಇಷ್ಟು, ಆ ನಕ್ಷತ್ರದಿಂದ ಅಷ್ಟು. ಕೊನೆಗೆ "ನೀನೂ ನೋಡು, ಬೇಗ" ಎಂದ. ನೋಡಿದೆ. ಒಂದು ಮಸುಕು ಇತ್ತು. ಧೂಮಕೇತುವೋ ಗ್ಯಾಲಕ್ಸಿಯೋ ನನ್ನಂಥವಳಿಗೆ ತಿಳಿಯುವಂತಿರಲಿಲ್ಲ. ಆರು ನಿಮಿಷಕ್ಕೆ ಕಿಂಡಿ ಮುಚ್ಚಿತು.

ಶನಿವಾರ ರಜೆ ಹಾಕಿ ಲೆಕ್ಕಕ್ಕೆ ಕೂತೆ. ಮೂರು ಜಾಗ, ಮೂರು ವೇಳೆ. ಇವನ್ನಿಟ್ಟುಕೊಂಡು ಸೂರ್ಯನ ಸುತ್ತ ಅದು ನಡೆಯುವ ದಾರಿಯನ್ನು ಕಂಡುಹಿಡಿಯುವ ವಿಧಾನ ಹಳೆಯದು, ಕಾಲೇಜು ಲೈಬ್ರರಿಯ ಪುಸ್ತಕದಲ್ಲಿತ್ತು. ವೇಳೆಯನ್ನೆಲ್ಲ ಗ್ರೀನಿಚ್ ಸಮಯಕ್ಕೆ ತರಬೇಕು. ಐದೂವರೆ ಗಂಟೆ ಕಳೆದರೆ ಬೆಳಗಿನ ಜಾವದ್ದೆಲ್ಲ ಹಿಂದಿನ ದಿನಕ್ಕೆ ಹೋಗುತ್ತದೆ. ಕಳೆದೆ. ಕ್ಯಾಲ್ಕುಲೇಟರ್ ಒತ್ತೀ ಒತ್ತೀ ಬೆರಳು ನೋಯಿತು. ಇಪ್ಪತ್ತೆರಡು ಹಾಳೆ ಆಯಿತು.

ಕೂಡಲಿಲ್ಲ. ಸೋಮವಾರದಿಂದ ಮಂಗಳವಾರಕ್ಕೆ ಅದು ನಡೆದ ದೂರ ನೋಡಿದರೆ, ಮಂಗಳವಾರದಿಂದ ಶನಿವಾರಕ್ಕೆ ಅದರ ನಾಲ್ಕರಷ್ಟು ನಡೆದಿರಬೇಕು. ಮೂರರಷ್ಟು ಚಿಲ್ಲರೆ ನಡೆದಿತ್ತು. ಸೂರ್ಯನ ಕಡೆ ಹೋಗುವ ಧೂಮಕೇತು ದಾರಿಯಲ್ಲಿ ನಿಂತು ಕಾಫಿ ಕುಡಿಯುವುದಿಲ್ಲ. ಯಾವ ಕಕ್ಷೆ ಹೊಂದಿಸಿದರೂ ಮಂಗಳವಾರದ ಜಾಗ ಹುಣ್ಣಿಮೆ ಚಂದ್ರನ ಅರ್ಧದಷ್ಟು ಪಕ್ಕಕ್ಕೆ ನಿಲ್ಲುತ್ತಿತ್ತು. ಎರಡು ಸಲ ಮೊದಲಿಂದ ಮಾಡಿದೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂದಮೇಲೆ ತಪ್ಪು ಅಣ್ಣನ ಕಣ್ಣಿನದು ಎಂದು ತೀರ್ಮಾನಿಸಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಭಾನುವಾರವೂ ಮೋಡವೇ. ಸಂಜೆ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮಡಚಿದ ಹಾಳೆ ಜೇಬಿನಿಂದ ಇಣುಕುತ್ತಿತ್ತು. ಅವನು ಕೂರುವ ಮೊದಲೇ ನಾನು ಹೇಳಿಬಿಟ್ಟೆ.

"ಕೂಡ್ತಿಲ್ಲ. ಅದು ಒಂದಲ್ಲ, ಮೂರು. ಮೂರು ದಿನ ಮೂರು ಬೇರೆ ಬೇರೆ ಗ್ಯಾಲಕ್ಸಿ ನೋಡಿದೀಯ."

"ಇಲ್ಲ ಕಣೆ. ಒಂದೇ ಅದು. ನಂಗೆ ಅದರ ಮುಖ ಗೊತ್ತು."

"ಮಸುಕಿಗೆ ಎಂಥ ಮುಖ?"

ಅವನು ನನ್ನ ಹಾಳೆಗಳ ಕಡೆ ನೋಡಿದ. ಕೇಳಿದ್ದರೆ ತೋರಿಸುತ್ತಿದ್ದೆನೇನೋ. ಅವನು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ತರಗತಿಯಲ್ಲಿ ಹಂತ ಬರೆಯದೆ ಬರೀ ಉತ್ತರ ಬರೆದವರಿಗೆ ಸೊನ್ನೆ ಕೊಡುವವಳು ನಾನು. ಅಣ್ಣನಿಗೆ ಬರೀ ಉತ್ತರ ಕೊಟ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಆ ಮೊಲ ಅವತ್ತು ನನ್ನ ಕೈಯಲ್ಲಿತ್ತು.

"ನೀನು ಹೇಳಿದ್ಮೇಲೆ ಸರಿ ಇರತ್ತೆ" ಎಂದ. ಎದ್ದು ಹೊರಟವನು ಬಾಗಿಲಲ್ಲಿ ನಿಂತು, "ವಯಸ್ಸಾಯ್ತು ಅನ್ಸತ್ತೆ, ಕಣ್ಣು ತೋರಿಸ್ಬೇಕು" ಎಂದು ಹೇಳಿದ. ಅವನಿಗಾಗ ನಲವತ್ತೈದೂ ತುಂಬಿರಲಿಲ್ಲ.

ಹತ್ತು ದಿನದ ಮೇಲೆ ಇಂಗ್ಲಿಷ್ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಕನ್ಯಾ ರಾಶಿಯಲ್ಲಿ ಹೊಸ ಧೂಮಕೇತು, ಯಾವುದೋ ದೇಶದ ಹವ್ಯಾಸಿಯೊಬ್ಬ ಅದೇ ಶನಿವಾರ ಕಂಡದ್ದು, ಅವನದೇ ಹೆಸರು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಪತ್ರಿಕೆ ಮಡಚಿಟ್ಟೆ. ಕಾಕತಾಳೀಯ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡು ಎರಡು ಪೀರಿಯಡ್ ಪಾಠ ಮಾಡಿದೆ. ಮೂರನೆಯದಕ್ಕೆ ಆಗಲಿಲ್ಲ.

ಅಣ್ಣನನ್ನು ನೋಡಿ ನಕ್ಕಿದ್ದ ಕೂಟದ ಕಾರ್ಯದರ್ಶಿಗೇ ಫೋನ್ ಮಾಡಿದೆ. ಕಕ್ಷೆಯ ವಿವರ ಬಂದಿದೆ ಎಂದು ಆತ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಯಾಕೆ ಬೇಕೆಂದು ಕೇಳಿದರು, ಮಕ್ಕಳಿಗೆ ಪಾಠಕ್ಕೆ ಎಂದೆ. ಮನೆಗೆ ಬಂದು ಲೆಕ್ಕವನ್ನು ತಿರುಗಿಸಿದೆ. ಕಕ್ಷೆ ಗೊತ್ತಿದ್ದರೆ ಯಾವ ದಿನ ಅದು ಎಲ್ಲಿತ್ತು ಎಂದು ಹೇಳಬಹುದು. ಶನಿವಾರ ಬೆಳಗಿನ ಜಾವದ ಜಾಗ ಬಂತು. ನಾನು ಕೆಂಪು ಬೆಳಕಿನಲ್ಲಿ ಬರೆದುಕೊಂಡದ್ದೇ. ಹಾಗಾದರೆ ಅದು ಧೂಮಕೇತುವೇ, ನಾನೂ ನೋಡಿದ್ದೇನೆ! ಸೋಮವಾರದ್ದು ಹಾಕಿದೆ, ಹೊಂದಲಿಲ್ಲ. ಮಂಗಳವಾರದ್ದು ಹೊಂದಲಿಲ್ಲ. ಆದರೆ ಮಂಗಳವಾರಕ್ಕೆಂದು ಬಂದ ಉತ್ತರವನ್ನು ಎಲ್ಲೋ ನೋಡಿದ್ದೆ ಅನ್ನಿಸಿತು. ಅದು ಅಣ್ಣ 'ಸೋಮವಾರ' ಎಂದು ಬರೆದ ಜಾಗ. ಬುಧವಾರಕ್ಕೆ ಹಾಕಿದೆ. ಅವನ 'ಮಂಗಳವಾರ' ಬಂತು. ಎರಡೂ ಕಡೆ ವ್ಯತ್ಯಾಸ ಚಂದ್ರನ ಅಗಲದ ಹದಿನೈದನೇ ಒಂದು ಪಾಲು. ಕೈಯಾರೆ ಉಜ್ಜಿದ ಕನ್ನಡಿಯಲ್ಲಿ, ಬರೀ ಕಣ್ಣಳತೆಯ ಅಂದಾಜಿನಲ್ಲಿ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಹೋದೆ. ಕನ್ನಡ ಟೈಪ್‌ರೈಟರ್ ಒಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಹೊಸ ಕನ್ನಡಕ ಬಂದಿತ್ತು. ದೂರದರ್ಶಕದ ಕನ್ನಡಿಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದನೆಂದು ಅತ್ತಿಗೆ ಆಗಲೇ ಫೋನಿನಲ್ಲಿ ಹೇಳಿದ್ದಳು.

"ಸೋಮವಾರ ಅಂತ ಬರ್ದಿದ್ಯಲ್ಲ" ಎಂದೆ. "ಅದನ್ನ ನೋಡಿ, ಮಲಗಿ, ಎದ್ದು ಅಂಗಡಿಗೆ ಬಂದ್ಯಲ್ಲ, ಅವತ್ತು ಯಾವ ವಾರ?"

"ಮಂಗಳವಾರ."

"ಮತ್ತೆ ಸೋಮವಾರ ಅಂತ ಯಾಕ್ ಬರ್ದೆ?"

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ನೋಡಿದಾಗ ಸೋಮವಾರಾನೇ ತಾನೆ. ಸೂರ್ಯ ಹುಟ್ಟಿರ್ಲಿಲ್ವಲ್ಲ."

ನಮ್ಮ ಮನೆಯಲ್ಲಿ ವಾರ ಬದಲಾಗುತ್ತಿದ್ದದ್ದು ಹಾಗೆಯೇ. ಪಂಚಾಂಗ ನೋಡುವ ಎಲ್ಲ ಮನೆಗಳಲ್ಲೂ ಹಾಗೆಯೇ. ಅಮ್ಮನಿಗೆ ಮಧ್ಯರಾತ್ರಿ ಹನ್ನೆರಡು ಎಂಬುದು ಲೆಕ್ಕಕ್ಕೇ ಇರಲಿಲ್ಲ, ಸೂರ್ಯ ಬಂದರೆ ನಾಳೆ. ನಾನೇ ಹುಟ್ಟಿದ್ದು ಬೆಳಗಿನ ಜಾವ ಮೂರಕ್ಕೆ, ಆಸ್ಪತ್ರೆಯ ಚೀಟಿಯಲ್ಲಿ ಒಂದು ದಿನ, ಅಮ್ಮ ಜಾತಕಕ್ಕೆಂದು ಬರೆದಿಟ್ಟ ಪುಸ್ತಕದಲ್ಲಿ ಅದರ ಹಿಂದಿನ ದಿನ. ಅಣ್ಣ ಹತ್ತು ವರ್ಷವೂ ನೋಟ್‌ಬುಕ್ಕನ್ನು ಹಾಗೇ ಬರೆದುಕೊಂಡು ಬಂದಿದ್ದ. ಶನಿವಾರದ್ದೊಂದನ್ನು ಮಾತ್ರ ಗಡಿಯಾರದ ಲೆಕ್ಕದಲ್ಲಿ ನಾನು ಬರೆದಿದ್ದೆ. ಇನ್ನೂ ಒಂದು ತಮಾಷೆ, ಅಳು ಬರುವಂಥದ್ದು: ಅವನು ಬರೆದ ದಿನಾಂಕವೇ ಗ್ರೀನಿಚ್ಚಿನ ದಿನಾಂಕ. ಸೂರ್ಯ ಹುಟ್ಟಿಲ್ಲವೆಂದು ಅವನು ಆಗಲೇ ಕಳೆದಿದ್ದ ಒಂದು ದಿನವನ್ನು ನಾನು ಬುದ್ಧಿವಂತಿಕೆಯಿಂದ ಇನ್ನೊಂದು ಸಲ ಕಳೆದಿದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಸುಮ್ಮನೆ ಹೇಳುವುದಿಲ್ಲ.

ಎಲ್ಲವನ್ನೂ ಹೇಳಿದೆ. ಈ ಸಲ ಒಂದೊಂದು ಹಂತವನ್ನೂ ಹೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದ. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ನಾನು ಎಷ್ಟು ತಪ್ಪಿದ್ದೆ?"

"ತಪ್ಪೇ ಇಲ್ಲ ಅನ್ನೋಷ್ಟು."

ಅವನು ಹೊಸ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. ಅವನು ಅತ್ತದ್ದನ್ನು ಅಪ್ಪ ಹೋದಾಗಲೂ ನಾನು ಕಂಡಿರಲಿಲ್ಲ.

"ಬುಧವಾರಾನೇ ಫ್ಯಾಕ್ಸ್ ಮಾಡಿದ್ರೆ?"

ಸುಳ್ಳು ಹೇಳಬಹುದಿತ್ತು. "ನಿನ್ನ ಹೆಸರೇ ಇರ್ತಿತ್ತು" ಎಂದೆ.

ಬಿಚ್ಚಿಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಅವನು ಕಿರುಚಲಿ, ಟೈಪ್‌ರೈಟರ್ ಎತ್ತಿ ಹಾಕಲಿ ಎಂದು ಕಾಯುತ್ತಿದ್ದೆ. ಹಾಗೆ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಮೆಲ್ಲಗೆ ಹೇಳಿದ:

"ದಿನ ತಪ್ಪಿದ್ದು ದೊಡ್ಡದಲ್ಲ ಬಿಡು, ಯಾರಿಗಾದ್ರೂ ಆಗತ್ತೆ. ಲೆಕ್ಕ ಕೂಡ್ಲಿಲ್ಲ ಅಂದಾಗ ಒಂದ್ಸಲ ನನ್ನ ಕೇಳ್ಬೋದಿತ್ತು. 'ಯಾವಾಗ ನೋಡ್ದೆ' ಅಂತ. ಅಷ್ಟೇ. ನೀನು ಕೇಳ್ಲೇ ಇಲ್ಲ."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅಣ್ಣ ಕನ್ನಡಕ ಹಾಕಿಕೊಂಡು ಎದ್ದ. ಅವತ್ತು ಅವನು ನನ್ನನ್ನು ಲೆಕ್ಚರರ್ ತಂಗಿ ಎಂದು ಪರಿಚಯಿಸಲಿಲ್ಲ.

ಕನ್ನಡಿ ಅಟ್ಟದಿಂದ ಇಳಿಯಿತು. ಅವನು ಮತ್ತೆ ತಾರಸಿ ಹತ್ತತೊಡಗಿದ್ದು ಅತ್ತಿಗೆಯಿಂದ ಗೊತ್ತಾಗಿ ನನಗೆ ಸಮಾಧಾನವಾಯಿತು. ಹಬ್ಬಕ್ಕೆ ಬರುತ್ತಿದ್ದ, ನನ್ನ ಕಾಲೇಜಿನ ವಿಷಯ ಕೇಳುತ್ತಿದ್ದ, ಹೋಳಿಗೆ ಎರಡು ಹೆಚ್ಚೇ ತಿನ್ನುತ್ತಿದ್ದ. ನೋಟ್‌ಬುಕ್ ಮಾತ್ರ ನನ್ನ ಮನೆಗೆ ಬರಲಿಲ್ಲ. ಆಕಾಶ ಹೇಗಿದೆ ಎಂದು ನಾನಾಗಿ ಕೇಳಿದರೆ "ಇದೆ" ಎನ್ನುತ್ತಿದ್ದ.

ಟೈಪ್‌ರೈಟರುಗಳ ಕಾಲ ಮುಗಿಯಿತು, ಅವನು ಪ್ರಿಂಟರ್ ರಿಪೇರಿ ಕಲಿತ. ಚಿಕ್ಕಲಸಂದ್ರದಲ್ಲಿ ಮೂರು ಅಂತಸ್ತಿನ ಮನೆಗಳೆದ್ದು ಪೂರ್ವ ದಿಕ್ಕು ಅರ್ಧ ಮುಚ್ಚಿತು. ಬೀದಿದೀಪಗಳು ಹೆಚ್ಚಾದವು. ಅವನು ದೂರದರ್ಶಕವನ್ನು ಗೆಳೆಯನ ವ್ಯಾನಿನಲ್ಲಿ ಹಾಕಿಕೊಂಡು ಕನಕಪುರ ರಸ್ತೆಯಲ್ಲಿ ಊರಾಚೆ ಹೋಗುತ್ತಾನೆಂದು ಕೇಳಿದ್ದೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿರಬೇಕು. ಒಂದು ಶುಕ್ರವಾರ ಅತ್ತಿಗೆ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಅಣ್ಣ ಮನೆಯಲ್ಲಿರಲಿಲ್ಲ. ನಡುಮನೆಯ ಗೋಡೆಯ ಮೇಲೆ ಫ್ರೇಮ್ ಹಾಕಿಸಿದ ಒಂದು ಇಂಗ್ಲಿಷ್ ಪತ್ರ ಕಂಡು ಹತ್ತಿರ ಹೋಗಿ ಓದಿದೆ. ಆ ವಿದೇಶದ ಕೇಂದ್ರದಿಂದ ಬಂದದ್ದು. ನೀವು ವರದಿ ಮಾಡಿದ ಧೂಮಕೇತುವನ್ನು ಎರಡು ದಿನ ಮೊದಲು ಒಂದು ಸ್ವಯಂಚಾಲಿತ ಯಂತ್ರ ಪತ್ತೆಹಚ್ಚಿರುವುದರಿಂದ ಹೆಸರಿಡಲು ಸಾಧ್ಯವಿಲ್ಲ, ಆದರೆ ನಿಮ್ಮ ದಿನಾಂಕ, ವೇಳೆ, ಸ್ಥಾನ ಎಲ್ಲವೂ ನಿಖರವಾಗಿವೆ, ಅಭಿನಂದನೆಗಳು ಎಂದಿತ್ತು.

ನಾನು ಅದನ್ನು ಎರಡು ಸಲ ಓದಿದೆ. ಖುಷಿಯಿಂದ ಅತ್ತಿಗೆಯ ಕಡೆ ತಿರುಗಿದೆ.

"ಸಾರಕ್ಕಿ ಹತ್ರ ಬ್ರೌಸಿಂಗ್ ಸೆಂಟರಿಂದ ತಾವೇ ಕಳಿಸಿದ್ರು" ಎಂದಳು ಅತ್ತಿಗೆ, ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸುತ್ತಾ. "ಹಾಲಿನವ್ನಿಗೂ ತೋರ್ಸಿದಾರೆ ಅದನ್ನ, ಇಡೀ ಬೀದಿಗೆ ಸ್ವೀಟ್ ಹಂಚಿದ್ರು. ಆಗ್ಲೇ ಎರಡು ತಿಂಗಳಾಯ್ತಲ್ಲ."

"ಎರಡು ತಿಂಗಳಾ? ನಂಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

ಅವಳು ತಟ್ಟೆ ಕೆಳಗಿಟ್ಟಳು. ಸುಳ್ಳು ಅವಳಿಗೂ ಬರುತ್ತಿರಲಿಲ್ಲ.

"ಕಳಿಸೋಕೆ ಮುಂಚೇನೇ ನಾನು ಹೇಳಿದ್ದೆ, ತಂಗೀಗೊಂದು ಮಾತು ಹೇಳಿ ಅಂತ. 'ಬೇಡ' ಅಂದ್ರು. 'ಅವಳು ಚೆಕ್ ಮಾಡ್ತಾಳೆ' ಅಂದ್ರು."